ಬೆಂಡು ಕಟ್ಟದ ಲಂಗರು

ಹೊಳೆಯ ಮೇಲ್ಬದಿಯ ಕಾರ್ಖಾನೆಯವರು ಕರೆಂಟಿನ ಮೋಟಾರ್ ತರಿಸುವವರೆಗೆ, ಬೊಕ್ಕಪಟ್ಣದ ಐತಪ್ಪ ಧನಿಗಳ ಹಂಚಿನ ಕಾರ್ಖಾನೆಗೆ ಅಂಥದ್ದೊಂದು ಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ಅವರದ್ದು ಇಪ್ಪತ್ತೈದು ಕುದುರೆ ಶಕ್ತಿಯದ್ದು ಎಂದು ತಿಳಿದ ದಿನವೇ ಧನಿಗಳು ಮೂವತ್ತರದ್ದಕ್ಕೆ ಮದ್ರಾಸಿಗೆ ಬರೆಯಿಸಿದರು. ಹೆಚ್ಚಿನ ಐದು ಕುದುರೆ ಎಂತಕ್ಕೆ ಎಂದು ರೈಟರ್ ಇಸಿದೋರ್ ಪೊರ್ಬುಗಳು ಕೇಳಲಿಲ್ಲ. ಕೇಳಬಾರದ್ದನ್ನು ಕೇಳದೆ ಹದಿನೆಂಟು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತ ಮನುಷ್ಯ ಅವರು.

ಸುದ್ದಿ ಎಲ್ಲರಿಗಿಂತ ಕೊನೆಗೆ ತಲುಪಿದ್ದು ದೂಮಪ್ಪನಿಗೆ. ದೂಮಪ್ಪ ಅಲ್ಲಿಯ ಸ್ಟೀಮ್ ಇಂಜಿನ್ ನೋಡಿಕೊಳ್ಳುವವನು. ಬೆಂಗ್ರೆಯ ಮೀನು ಹಿಡಿಯುವ ಮೊಗವೀರರ ಮನೆಯಲ್ಲಿ ಹುಟ್ಟಿ, ಹೊಳೆ ದಾಟಿ ಬಂದು ಬೆಂಕಿಯ ಕೆಲಸ ಹಿಡಿದದ್ದಕ್ಕೆ ಅವನಲ್ಲಿ ಒಂದು ಕಾರಣವಿತ್ತು. ಅದನ್ನು ಅವನು ಹೇಳುತ್ತಿರಲಿಲ್ಲ, ಬೆಂಗ್ರೆಯವರು ಮರೆಯುತ್ತಿರಲಿಲ್ಲ. ಅಳಿವೆ ದಾಟಿ ಕಡಲಿಗೆ ಬಿದ್ದ ಕೂಡಲೇ ಅವನಿಗೆ ವಾಂತಿ. ಒಂದು ದಿನ ಅಲ್ಲ, ಒಂದು ವರ್ಷ ಅಲ್ಲ, ಮೀಸೆ ಬಂದ ಮೇಲೂ. ಕಡಲಲ್ಲಿ ಕಕ್ಕುವ ಗಂಡಸಿಗೆ ಅಲ್ಲಿ ಉಳಿಯುವ ಕೆಲಸ ಎಂದರೆ ಹೆಂಗಸರ ಸಾಲಿನಲ್ಲಿ ಕುಳಿತು ಮೀನು ಆಯುವುದು. ಅದರಿಂದ ಅವನನ್ನು ಪಾರು ಮಾಡಿದ್ದು ಆ ಇಂಜಿನ್. ಇಪ್ಪತ್ತೆಂಟು ವರ್ಷಗಳಲ್ಲಿ ‘ಕಕ್ಕುವ ದೂಮ’ ಅಳಿದು ‘ಇಂಜಿನ್ ದೂಮಣ್ಣ’ ಆಗಿದ್ದ.

ಧನಿಗಳು ಅವನನ್ನು ಆಫೀಸಿಗೆ ಕರೆಸಿದರು.

“ಇಂಜಿನ್ ಗುಜರಿಗೆ ಹೋಗ್ತದೆ ದೂಮ. ನೀನೂ ಅದರ ಒಟ್ಟಿಗೆ ಹೋಗುವವನೋ, ಅಲ್ಲ ನಿಲ್ಲುವವನೋ?”

“ಧನಿಗಳು ಹೇಳಿದ ಹಾಗೆ.”

“ಹಾಗಾದರೆ ಕೇಳು. ಮೋಟಾರನ್ನು ನೀನೇ ಕೂರಿಸು. ಸರಿಯಾಗಿ ಕೂತರೆ ಅದರ ಮೇಲೆ ನೀನೇ. ಒಂದು ಕೊರತೆ ಕಂಡಿತೋ, ಮದ್ರಾಸಿನ ಮಿಸ್ತ್ರಿಗೆ ಕಾಗದ ಬರೆದು ಇಟ್ಟಾಗಿದೆ. ಅಂಚೆಗೆ ಹಾಕುವುದೊಂದೇ ಬಾಕಿ.”

ಇಸಿದೋರ್ ಪೊರ್ಬುಗಳು ಮೇಜಿನ ಡ್ರಾಯರನ್ನು ಸ್ವಲ್ಪ ಎಳೆದು, ಕಾಗದ ಇರುವುದು ಹೌದು ಎಂದು ತೋರಿಸಿ, ಮತ್ತೆ ಮುಚ್ಚಿದರು.

ಮೋಟಾರ್ ಬಂದರಿನಿಂದ ಮಚ್ವೆ ದೋಣಿಯಲ್ಲಿ ಬಂತು. ಅದನ್ನು ಇಳಿಸಿದ ರೀತಿಯನ್ನು ಆ ದಂಡೆಯವರು ತುಂಬಾ ದಿನ ಆಡಿಕೊಂಡರು. ಬೆಂಗ್ರೆಯಿಂದ ಹನ್ನೆರಡು ಜನ ಬಂದು, ದೋಣಿ ಎಳೆಯುವ ಉರುಳುಮರಗಳನ್ನು ಹಾಸಿ, ಐಲೇಸಾ ಹಾಕುತ್ತ, ನಿದ್ದೆಯ ಮಗುವನ್ನು ತೊಟ್ಟಿಲಿನಿಂದ ತೊಟ್ಟಿಲಿಗೆ ಹಾಕುವ ಹಾಗೆ ಅದನ್ನು ಶೆಡ್ಡಿಗೆ ತಂದರು. ಪೆಟ್ಟಿಗೆಯ ಒಂದು ಮೊಳೆಯೂ ಸಡಿಲಾಗಲಿಲ್ಲ.

ದೂಮಪ್ಪ ಅದಕ್ಕೆ ಮೊದಲೇ ನೆಲ ಅಗೆದು, ಮುರಕಲ್ಲು ಒಡೆದು, ನಾಲ್ಕಡಿ ಆಳದಿಂದ ಸಿಮೆಂಟಿನ ಕಟ್ಟೆ ಎತ್ತಿದ್ದ. ನಾಲ್ಕು ಬೋಲ್ಟುಗಳನ್ನು ಹಸಿ ಸಿಮೆಂಟಿನಲ್ಲಿ ನಿಲ್ಲಿಸಿ ಇಪ್ಪತ್ತೊಂದು ದಿನ ಯಾರನ್ನೂ ಹತ್ತಿರ ಬಿಡಲಿಲ್ಲ; ದಿನಕ್ಕೆ ಮೂರು ಸಲ ಅದಕ್ಕೆ ತಾನೇ ನೀರು ಹನಿಸಿದ. ಮಟ್ಟ ನೋಡಲು ಪೊರ್ಬುಗಳು ಕೊಟ್ಟ ಗಾಜಿನ ಮಟ್ಟಗೋಲನ್ನು ಒಮ್ಮೆ ಇಟ್ಟು ನೋಡಿ, ಆಮೇಲೆ ಅಗಲ ಬಟ್ಟಲಲ್ಲಿ ನೀರು ತುಂಬಿಸಿ ಇಟ್ಟ. ನೀರು ಸುಳ್ಳು ಹೇಳುವುದಿಲ್ಲ ಎಂದು ಅವನ ನಂಬಿಕೆ. ಮೋಟಾರಿನ ಪುಲ್ಲಿ ಮತ್ತು ಶಾಫ್ಟಿನ ಪುಲ್ಲಿ ಒಂದೇ ಗೆರೆಯಲ್ಲಿ ಇರಬೇಕಲ್ಲ, ಅದಕ್ಕೆ ಬಲೆಯ ನೂಲು ಎಳೆದು ಕಟ್ಟಿದ. ಕೂದಲೆಳೆಯ ವ್ಯತ್ಯಾಸ ಕಂಡರೂ ಪಾದದ ಅಡಿಗೆ ತಗಡಿನ ಚೂರು ತುರುಕಿ, ಬೋಲ್ಟು ಬಿಗಿದು, ಬಿಚ್ಚಿ, ಮತ್ತೆ ಬಿಗಿದ. ಕೊನೆಗೆ ಬೆರಳಿನಿಂದ ನೂಕಿದರೆ ಚಕ್ರ ಸದ್ದಿಲ್ಲದೆ ತಿರುಗಿ, ನಿಲ್ಲಲು ಮನಸ್ಸಿಲ್ಲದ ಹಾಗೆ ನಿಂತಿತು.

ಕೂರಿಸುವ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದ. ವಯರ್‌ಮ್ಯಾನ್ ನೂರ್ ಮುಹಮ್ಮದ್ ಬ್ಯಾರಿ ಬಂದು ಅರ್ಧ ಮಾತ್ರ ಮುಗಿದಿದೆ ಎಂದ.

ನೂರ್ ಮುಹಮ್ಮದ್ ಹತ್ತು ವರ್ಷ ಸಿಲೋನಿನ ಕೊಲಂಬಿನಲ್ಲಿ ಇದೇ ಕೆಲಸ ಮಾಡಿ ಬಂದವನು. ಮಾತಿಗಿಂತ ಮೊದಲು ನೆಲ ನೋಡುವ ಅಭ್ಯಾಸ. ಶೆಡ್ಡಿನ ನೆಲ ನೋಡಿದ. ಅಲ್ಲಿ ಯಾವಾಗಲೂ ಕೆಸರು. ಮಣ್ಣು ನಾದುವ ಯಂತ್ರದಿಂದ ಒತ್ತುವ ಯಂತ್ರಕ್ಕೆ ಹಸಿಮಣ್ಣು ಹೊರುವ ಮೂವತ್ತು ಹೆಂಗಸರು, ಅರವತ್ತು ಬರಿಗಾಲು.

“ಅರ್ತ್ ಎಲ್ಲಿ ಕೊಡುವುದು ದೂಮಣ್ಣ?”

“ಎಂತ ಅದು?”

“ಕರೆಂಟಿಗೆ ಹಿಂಬಾಗಿಲು ಮಾರಾಯ. ಒಳಗೆ ಎಲ್ಲಾದರೂ ತಂತಿಯ ಸಿಪ್ಪೆ ಹೋಯಿತು ಅಂತ ಇಟ್ಟುಕೋ. ಕರೆಂಟ್ ಕಬ್ಬಿಣದ ಮೈಗೆ ಬರ್ತದೆ. ಹಿಂಬಾಗಿಲು ಉಂಟಾದರೆ ಅಲ್ಲಿಂದ ಭೂಮಿಗೆ ಓಡ್ತದೆ, ಫ್ಯೂಸ್ ಹಾರ್ತದೆ, ಮೋಟಾರ್ ನಿಲ್ತದೆ. ಇಲ್ಲದಿದ್ದರೆ ಯಾರು ಮುಟ್ಟಿದರೋ ಅವರೇ ಬಾಗಿಲು.”

ಮದ್ರಾಸಿನಿಂದ ಮೋಟಾರಿನ ಜೊತೆ ಎರಡಡಿ ಚದರದ ಒಂದು ದಪ್ಪ ತಾಮ್ರದ ತಗಡೂ ಬಂದಿತ್ತು. ಅದನ್ನು ಆರಡಿ ಆಳದಲ್ಲಿ, ಎಂದೂ ಒಣಗದ ಮಣ್ಣಿನಲ್ಲಿ, ಇದ್ದಿಲು ಉಪ್ಪು ತುಂಬಿಸಿ ಹೂಳಬೇಕು. ಕಂಪೌಂಡಿನ ಉಳಿದ ನೆಲವೆಲ್ಲ ಮುರಕಲ್ಲು, ಬೇಸಿಗೆಯಲ್ಲಿ ಹಂಚಿಗಿಂತ ಒಣ. ಎಂದೂ ಒಣಗದ ಮಣ್ಣು ಇದ್ದದ್ದು ಒಂದೇ ಕಡೆ, ಬಾವಿಯ ಪಕ್ಕ. ಅಲ್ಲಿ ಗುಳಿಗ ದೈವದ ಕಟ್ಟೆ.

ಧನಿಗಳು ಕಿವಿ ಮುಚ್ಚಿಕೊಂಡರು. “ಗುಳಿಗನ ಬುಡ ಅಗೆಯುವುದಾ? ನನ್ನ ಅಜ್ಜನ ಕಾಲದಿಂದ ಅಲ್ಲಿ ಕತ್ತಿ ತಾಗಿಸಿದವರಿಲ್ಲ.”

“ಕೇಳಿ ಅಗೆಯುವ ಧನಿಗಳೇ. ನಿಮ್ಮಲ್ಲಿ ಕೇಳುವ ಕ್ರಮ ಉಂಟಲ್ಲ,” ಎಂದ ನೂರ್ ಮುಹಮ್ಮದ್.

“ಕೇಳಲಿಕ್ಕೆ ದೈವದ ಪಾತ್ರಿ ಬರಬೇಕು, ದಿನ ನೋಡಬೇಕು. ಶುಕ್ರವಾರ ಮುಹೂರ್ತ. ಮೇಲ್ಬದಿಯವನಿಗೂ ಕರೆ ಹೋಗಿದೆ. ತಗಡು ಆಮೇಲೆ ಹೂಳುವ.”

“ಆಮೇಲೆ ಅಂದರೆ ಯಾವಾಗ?”

“ಆಮೇಲೆ ಅಂದರೆ ಆಮೇಲೆ.”

ನೂರ್ ಮುಹಮ್ಮದ್ ತನ್ನ ಚೀಲ ತೆಗೆದುಕೊಂಡ. “ಹಾಗಾದರೆ ಸರಕಾರದ ಕಾಗದಕ್ಕೆ ಸಹಿ ನನ್ನದಲ್ಲ,” ಎಂದ. ಬಾಗಿಲಲ್ಲಿ ನಿಂತು ದೂಮಪ್ಪನಿಗೆ ಇನ್ನೆರಡು ಮಾತು ಹೇಳಿದ: ಮಳೆಗಾಲ ಕಳೆದು ತಿರುಗಿಸುವ ಮೊದಲು ಬಲ್ಬು ಇಟ್ಟು ಎರಡು ದಿನ ಒಣಗಿಸು, ಆಮೇಲೆ ಪೇಟೆಯಿಂದ ಯಾರನ್ನಾದರೂ ಕರೆದು, ಕರೆಂಟ್ ಮೈಗೆ ಸೋರ್ತದೋ ಎಂದು ನೋಡುವ ಅಳತೆಪೆಟ್ಟಿಗೆ ಇಡಿಸು. ಅಷ್ಟು ಹೇಳಿ ಹೋದ. ಬೇರೊಬ್ಬನ ಸಹಿ ಪೇಟೆಯಿಂದ ಬಂತು. ಸಹಿ ಮಾತ್ರ, ಮನುಷ್ಯ ಬರಲಿಲ್ಲ. ಸರಕಾರದ ಕಾಗದದಲ್ಲಿ ‘ಅರ್ತ್ ತಗಡು ಉಂಟೋ?’ ಎಂಬಲ್ಲಿ ಪೊರ್ಬುಗಳು ‘ಉಂಟು’ ಎಂದು ಬರೆದರು. ಸುಳ್ಳಲ್ಲ. ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟದ್ದು ಉಂಟು.

ಬ್ಯಾರಿಯ ಮಾತು ದೂಮಪ್ಪನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಅದಕ್ಕೆ ಕಾರಣ ಅವನೇ ಕಲಿಸಿದ ಒಂದು ಪದ್ಧತಿ. ಬೆಂಗ್ರೆಯಲ್ಲಿ ದೋಣಿ ಹತ್ತುವ ಮೊದಲು ಅದರ ಮೂತಿಯನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಕಡಲು ಬಿಟ್ಟರೂ ದೂಮಪ್ಪನಿಗೆ ಆ ಕೈ ಬಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಇಂಜಿನನ್ನು ಹಾಗೆ ಮುಟ್ಟುತ್ತಿದ್ದ. ಅದನ್ನು ಕಂಡು ಹೆಂಗಸರೂ ಸುರು ಮಾಡಿದರು. ಈಗ ಬುಟ್ಟಿ ಎತ್ತುವ ಮೊದಲು ಇಂಜಿನ್ ಮುಟ್ಟದ ಹೆಂಗಸು ಇರಲಿಲ್ಲ. ಇಂಜಿನ್ ಹೋಗಿ ಮೋಟಾರ್ ಬಂದರೆ ಕೈ ಎಲ್ಲಿಗೆ ಹೋದೀತು?

ಹಾಗೆ ಅವನಿಗೆ ಲಂಗರು ಹೊಳೆಯಿತು. ಎಂದೂ ಒಣಗದ ಜಾಗ ತಾನೇ ಬೇಕಾದದ್ದು? ಕಾರ್ಖಾನೆಯ ಹಿಂಗೋಡೆಗೆ ತಾಗಿ ಹೊಳೆ. ಅದೂ ಉಪ್ಪು ನೀರಿನ ಹೊಳೆ. ಅಜ್ಜನ ಕಾಲದ ನಾಲ್ಕು ಕೊಂಡಿಯ ಕಬ್ಬಿಣದ ಲಂಗರೊಂದು ಮನೆಯ ಹಿಂದೆ ಬಿದ್ದಿತ್ತು. ಅದನ್ನು ಉಜ್ಜಿ ತಿಕ್ಕಿ, ಮೋಟಾರಿನ ಪಾದದಿಂದ ಗೋಡೆಯ ತೂತಿನ ಮೂಲಕ ತಾಮ್ರದ ತಂತಿ ಎಳೆದು, ಲಂಗರಿಗೆ ಬಿಗಿದು, ಎರಡಾಳು ನೀರಿಗೆ ಇಳಿಸಿದ. ಗುಟ್ಟಾಗಿ ನೂರ್ ಮುಹಮ್ಮದನ ಮನೆಗೆ ಹೋಗಿ ಹೇಳಿದಾಗ ಬ್ಯಾರಿ ಸುಮಾರು ಹೊತ್ತು ನಕ್ಕು, “ತಗಡಿಗಿಂತ ಒಳ್ಳೆಯದು ಮಾರಾಯ! ಕಡಲಿನ ಮರಕಾಲನಿಗೆ ಮಾತ್ರ ಹೊಳೆಯುವ ಬುದ್ಧಿ. ಆದರೆ ದಿನಾ ನೋಡಬೇಕು,” ಎಂದ.

ಆಫೀಸಿಗೆ ಅವನು ಹೇಳಲಿಲ್ಲ. ಹೇಳಿದರೆ ಪೊರ್ಬುಗಳು ಊರಿಡೀ ಹೇಳಿಕೊಂಡು ನಗುತ್ತಾರೆ, ಮೋಟಾರಿಗೆ ಲಂಗರು ಹಾಕಿದ ಮರಕಾಲ ಎಂದು. ನಗು ಧನಿಗಳ ಕಿವಿಗೆ ಕೊರತೆ ಎಂದು ಕೇಳಿಸುತ್ತದೆ. ಡ್ರಾಯರಿನ ಕಾಗದ ಅಂಚೆಗೆ ಬೀಳುತ್ತದೆ. ಅದಕ್ಕೇ ಲಂಗರಿನ ಮೇಲೆ ಬೆಂಡು ಕಟ್ಟಿ ತೇಲಿಬಿಡಲೂ ಇಲ್ಲ. ಬೆಂಡು ಇದ್ದರೆ ಇದು ಯಾರದ್ದೋ, ಮುಟ್ಟಬಾರದು ಎಂದು ಅರ್ಥ. ಬೆಂಡಿಲ್ಲದ ಲಂಗರು ತಳದಲ್ಲಿ ಸಿಕ್ಕಿದರೆ ಅದು ಎತ್ತಿದವನದ್ದು. ಇದು ಬೆಂಗ್ರೆಯ ಕಟ್ಟಳೆ. ಕಟ್ಟಳೆ ದೂಮಪ್ಪನಿಗೆ ತಿಳಿಯದ್ದಲ್ಲ. ಆದರೆ ಬೆಂಡು ತೇಲಿದರೆ ಆಫೀಸಿನ ಕಿಟಕಿಗೆ ಕಾಣುತ್ತಿತ್ತು.

ಶುಕ್ರವಾರ ಮೋಟಾರ್ ತಿರುಗಿತು. ಶನಿವಾರದಿಂದಲೇ ಹೆಂಗಸರ ಕೈ ಅದರ ಹಸಿರು ಬಣ್ಣದ ಮೈಗೆ ಹೋಯಿತು. ಕಾವೂರಿನಿಂದ ನಡೆದು ಬರುವ ಕಿನ್ನಿ ಎಂಬ ಹುಡುಗಿ, ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡವಳು, ಮುಟ್ಟಿ ನೋಡಿ ಹೇಳಿದಳು: “ಬಿಸಿಯೇ ಇಲ್ಲ ದೂಮಣ್ಣ! ಇಂಜಿನಿನ ಮೇಲೆ ಗಂಜಿ ಬಿಸಿ ಮಾಡ್ತಿದ್ದೆವು. ಇದು ಬರೇ ಗುಂಯ್ ಅಂತದೆ. ನಿಮ್ಮ ಧನಿಯ ಹಾಗೆ.”

“ಬಾಯಿ ಮುಚ್ಚು ಮಾರಾಯ್ತಿ.”

“ಮುಚ್ಚಿದರೆ ಇಲ್ಲಿ ಕೇಳಲಿಕ್ಕೆ ಬೇರೆ ಎಂತ ಉಂಟು?”

ದೂಮಪ್ಪನಿಗೆ ನಗು ಬಂತು. ಮುಟ್ಟಲಿ ಎಂದುಕೊಂಡ. ಹಿಂಬಾಗಿಲು ಗಟ್ಟಿಯಿತ್ತು. ಬೇಸಿಗೆ ಇಡೀ ದಿನಾ ಬೆಳಿಗ್ಗೆ ಹಿಂಗೋಡೆಗೆ ಹೋಗಿ ತಂತಿ ಎಳೆದು ನೋಡುತ್ತಿದ್ದ. ತಳದಿಂದ ಲಂಗರು ಬಿಗಿಯಾಗಿ ಉತ್ತರ ಕೊಡುತ್ತಿತ್ತು.

ಮಳೆ ಹಿಡಿಯಿತು. ಆಟಿ ತಿಂಗಳಲ್ಲಿ ಹಂಚು ಒಣಗುವುದಿಲ್ಲ, ಕಾರ್ಖಾನೆ ಮುಚ್ಚಿತು. ಆರು ವಾರ ಮೋಟಾರ್ ಒದ್ದೆ ಗಾಳಿಯಲ್ಲಿ ಕುಳಿತಿತು. ಸೋಣ ತಿಂಗಳ ಮೊದಲ ವಾರ ತಿರುಗಿಸುವುದೆಂದು ನಿಶ್ಚಯವಾಯಿತು. ಅದೇ ದಿನ ಮದ್ರಾಸಿನ ಸರಕಾರಿ ಕರೆಂಟ್ ಇನ್ಸ್‌ಪೆಕ್ಟರೂ ನೋಡಲು ಬರುವವರಿದ್ದರು. ದೂಮಪ್ಪ ಬ್ಯಾರಿ ಹೇಳಿದ ಹಾಗೆ ಬಲ್ಬುಗಳನ್ನು ಇಟ್ಟು, ಗೋಣಿ ಹೊದಿಸಿ ಎರಡು ದಿನ ಒಣಗಿಸಿದ. ಅಳತೆಪೆಟ್ಟಿಗೆಯ ಮಾತು ಎತ್ತಿದ್ದಕ್ಕೆ ಪೊರ್ಬುಗಳು, “ಇನ್ಸ್‌ಪೆಕ್ಟರೇ ಬರುವಾಗ ಬೇರೆ ಎಂತ ಪೆಟ್ಟಿಗೆ?” ಎಂದರು. ತಂತಿಯನ್ನು ಎಳೆದು ನೋಡಿದ್ದು ಒಣಗಿಸಲು ಇಡುವುದಕ್ಕೂ ಹಿಂದಿನ ದಿನ. ಅಂದು ಲಂಗರು ಇತ್ತು.

ತಿರುಗಿಸುವ ದಿನ ಬೆಳಿಗ್ಗೆ, ದೋಣಿ ಹತ್ತುವ ಕಡವಿನಲ್ಲಿ ಅಕ್ಕ ಅಪ್ಪಿಯ ಮಗ ಬೂಬ ಸಿಕ್ಕಿದ. ಮಳೆಗಾಲದಲ್ಲಿ ಕಡಲು ಮುಚ್ಚಿದರೆ ಬೆಂಗ್ರೆಯವರು ಹೊಳೆಯಲ್ಲೇ ಬಲೆ ಹಾಕುತ್ತಾರೆ. ಬೂಬನ ಮುಖ ಅರಳಿತ್ತು.

“ಮಾವ, ಒಂದು ಸಂಗತಿ ಹೇಳಬೇಕಿತ್ತು. ಮೊನ್ನೆ ನಿಮ್ಮ ಕಾರ್ಖಾನೆಯ ಹಿಂದೆ ಬಲೆ ಸಿಕ್ಕಿಕೊಂಡಿತು. ಮುಳುಗಿ ನೋಡಿದರೆ ಎಂತ, ಲಂಗರು! ನಾಲ್ಕು ಕೊಂಡಿಯದ್ದು. ಬೆಂಡು ಇಲ್ಲ, ಹಗ್ಗ ಇಲ್ಲ. ಯಾರೋ ಮರುಳ ತಂತಿ ಕಟ್ಟಿದ್ದ. ತಂತಿಯನ್ನೂ ಗೋಡೆಯವರೆಗೆ ಎಳೆದು ಕತ್ತರಿಸಿ ತಂದೆ.”

ದೂಮಪ್ಪನಿಗೆ ಕಡವಿನ ನೆಲವೇ ಕಡಲಾಯಿತು.

“ಈಗ ಎಲ್ಲಿ ಉಂಟು?”

“ಸೇಸಪ್ಪಣ್ಣನ ದೋಣಿಗೆ ಕೊಟ್ಟಿದ್ದೇನೆ. ಅವರು ಹೊಳೆ ಮೇಲೆ ಹೋಗಿದ್ದಾರೆ, ಮಧ್ಯಾಹ್ನ ಬರ್ತಾರೆ. ಎಂತ ಮಾವ? ನಿಮಗೆ ಬೇಕಾ?”

“ಬೇಕು. ಬಂದ ಕೂಡಲೇ ತಂತಿಯನ್ನೂ ಲಂಗರನ್ನೂ ಕಾರ್ಖಾನೆಗೆ ತಾ. ಒಂದು ಗಳಿಗೆ ತಡ ಮಾಡಬೇಡ.”

ಯಾರ ಲಂಗರು ಎಂದು ಅವನು ಹೇಳಲಿಲ್ಲ. ಹೇಳಲು ಕಡವಿನಲ್ಲಿ ತುಂಬ ಕಿವಿಗಳಿದ್ದವು.

ಕಾರ್ಖಾನೆಗೆ ಬಂದವನೇ ಆಫೀಸಿಗೆ ಓಡಿದ. ಇನ್ಸ್‌ಪೆಕ್ಟರು ಅರ್ಧ ಗಂಟೆ ಮೊದಲೇ ಬಂದಿದ್ದರು. ಹಸನ್ಮುಖದ, ಸಣ್ಣ ಪ್ರಾಯದ ಮನುಷ್ಯ. ರಬ್ಬರ್ ಅಟ್ಟೆಯ ಬೂಟು ಹಾಕಿ ಧನಿಗಳ ಕಾಫಿ ಕುಡಿಯುತ್ತಿದ್ದರು. ದೂಮಪ್ಪ ಬಾಗಿಲ ಸಂದಿಯಿಂದ ಪೊರ್ಬುಗಳನ್ನು ಹೊರಗೆ ಕರೆದ.

“ಕಪಾಟಿನ ಬೀಗದ ಕೈ ಕೊಡಿ. ತಂತಿ ಬೇಕು, ತಗಡೂ ಬೇಕು. ಅರ್ಧ ಗಂಟೆ ಸಾಕು.”

“ಎಂತಕ್ಕೆ?”

“ಒಂದು ಸಣ್ಣ ಕೆಲಸ ಬಾಕಿ.”

ಪೊರ್ಬುಗಳು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. “ತಗಡು ಗುಳಿಗನ ಬುಡದಲ್ಲಿ ಹೂತಿದೆ ಅಂತ ಈಗಷ್ಟೇ ಅವರ ಹತ್ತಿರ ಹೇಳಿ ಬಂದೆ. ಈಗ ಅದನ್ನು ಅವರ ಕಣ್ಣೆದುರು ಕಪಾಟಿನಿಂದ ತೆಗೆಯುವುದಾ? ನಿನಗೆ ತಲೆ ಉಂಟಾ?”

“ಹಾಗಾದರೆ ಇವತ್ತು ತಿರುಗಿಸುವುದು ಬೇಡ. ಮೋಟಾರ್ ಒಣಗಿಲ್ಲ.”

“ನಿನ್ನೆ ಒಣಗಿದೆ ಅಂದೆ.” ಪೊರ್ಬುಗಳ ಸ್ವರ ತಗ್ಗಿತು. “ದೂಮ, ಆ ಕಾಗದ ಡ್ರಾಯರಿನಲ್ಲೇ ಉಂಟು. ಧನಿಗಳು ಅದನ್ನು ಮರೆತಿದ್ದಾರೆ. ನೆನಪು ಮಾಡಿಸುವ ಕೆಲಸ ನನಗೆ ಕೊಡಬೇಡ.”

ಅಷ್ಟರಲ್ಲಿ ಇನ್ಸ್‌ಪೆಕ್ಟರೇ ಹೊರಗೆ ಬಂದರು. ಗುಳಿಗನ ಕಟ್ಟೆಯನ್ನು ನೋಡಿ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಪೊರ್ಬುಗಳು ಅದನ್ನು ತುಳುವಿಗೆ ಇಳಿಸಿದರು: “ತಗಡನ್ನು ಹೂತದ್ದು ನೀನೇಯಾ, ಎಷ್ಟು ಆಳ ಅಂತ ಕೇಳ್ತಾರೆ.”

ಸತ್ಯ ಹೇಳಲು ಒಂದು ಮಾತು ಸಾಕಿತ್ತು. ಆ ಮಾತಿನ ಆಚೆ ಬೆಂಗ್ರೆಯ ಮರಳು ದಂಡೆ, ಹೆಂಗಸರ ಸಾಲು, ಮೀನಿನ ರಾಶಿ, ಐವತ್ತೆರಡನೆಯ ವಯಸ್ಸಿನಲ್ಲಿ ಮತ್ತೆ ಕಕ್ಕುವ ದೂಮ. ಮಧ್ಯಾಹ್ನ ಲಂಗರು ಬಂದೇ ಬರುತ್ತದೆ. ಬರೇ ನಾಲ್ಕು ಗಂಟೆಯ ಮಾತು.

“ನಾನೇ ಸ್ವಾಮಿ,” ಎಂದ ದೂಮಪ್ಪ. “ಆರಡಿ.”

ಮೋಟಾರ್ ತಿರುಗಿತು. ಜನ ದೂರ ಸರಿದ ಮೇಲೆ ಅವನು ಒಣ ಹಲಗೆಯ ಮೇಲೆ ನಿಂತು, ಬೆರಳಿನ ಹಿಂಬದಿಯನ್ನು ಮೋಟಾರಿನ ಮೈಗೆ ಮೆಲ್ಲ ತಾಗಿಸಿದ. ಇರುವೆ ಹರಿದ ಹಾಗಾಯಿತು. ಒಳಗೆ ಎಲ್ಲೋ ತೇವ ಉಳಿದಿದೆ, ಹಿಂಬಾಗಿಲು ಇಲ್ಲ, ಅದು ಮೈಗೆ ಬಂದು ನಿಂತಿದೆ, ಯಾರಾದರೂ ತೆರೆಯಲಿ ಎಂದು.

ಶೆಡ್ಡಿನ ಮೂಲೆಯಲ್ಲಿದ್ದ ಹಗ್ಗ ತಂದು ಮೋಟಾರಿನ ಸುತ್ತ ಕಟ್ಟಿದ. ತಾನು ಎದುರು ನಿಂತ. ಬುಟ್ಟಿ ಹಿಡಿದು ಬಂದ ಹೆಂಗಸರಿಗೆ, “ಇವತ್ತು ಮುಟ್ಟಬೇಡಿ,” ಎಂದ.

“ಎಂತಕ್ಕೆ ದೂಮಣ್ಣ?”

“ಇನ್ಸ್‌ಪೆಕ್ಟರ್ ಬಂದಿದ್ದಾರೆ.”

ಕಾರಣ ಎಲ್ಲರಿಗೂ ಒಪ್ಪಿಗೆಯಾಯಿತು. ಸತ್ತೇ ಹೋಗುತ್ತೀರಿ ಎಂದಿದ್ದರೆ ಇಡೀ ಶೆಡ್ಡು ನಿಲ್ಲುತ್ತಿತ್ತು, ನಿಲ್ಲಿಸಿದ್ದು ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು. ಹೆಂಗಸರು ದೂರದಿಂದಲೇ ಕೈಮುಗಿದು ಕೆಲಸಕ್ಕೆ ಇಳಿದರು. ಅವನು ಎಣಿಸಿದ. ಇಪ್ಪತ್ತೊಂಬತ್ತು. ಕಿನ್ನಿ ಬಂದಿರಲಿಲ್ಲ. ಮಳೆಗೆ ಕಾವೂರು ಕೆರೆ ತುಂಬಿ ದಾರಿ ಮುಳುಗಿದೆ ಎಂದು ಯಾರೋ ಹೇಳಿದರು. ಅವನಿಗೆ ಸಮಾಧಾನವೇ ಆಯಿತು.

ಹತ್ತು ಗಂಟೆಗೆ ಇನ್ಸ್‌ಪೆಕ್ಟರು ಶೆಡ್ಡಿಗೆ ಬಂದರು. ಹಗ್ಗ ನೋಡಿ ತಲೆದೂಗಿದರು; ಒಳ್ಳೆಯ ಪದ್ಧತಿ ಎಂದರು. ಆಮೇಲೆ ಜೇಬಿನಿಂದ ಬೆಳ್ಳಿಯ ರೂಪಾಯಿ ತೆಗೆದು, ದೂಮಪ್ಪ ಹಾ ಎನ್ನುವಷ್ಟರಲ್ಲಿ ಹಗ್ಗದ ಒಳಗೆ ಬಗ್ಗಿ, ತಿರುಗುತ್ತಿದ್ದ ಮೋಟಾರಿನ ನೆತ್ತಿಯ ಮೇಲೆ ಅದನ್ನು ಅಂಚಿನ ಮೇಲೆ ನಿಲ್ಲಿಸಿದರು. ದೂಮಪ್ಪನ ಉಸಿರು ನಿಂತಿತು. ರೂಪಾಯಿಯೂ ನಿಂತಿತು. ಬೂಟಿನ ಕಾಲಿಗೆ ಮೋಟಾರ್ ಏನೂ ಹೇಳಲಿಲ್ಲ. ಒಂದು ನಿಮಿಷ ಕಳೆದರೂ ರೂಪಾಯಿ ಅಲುಗದ್ದನ್ನು ಕಂಡು ಇನ್ಸ್‌ಪೆಕ್ಟರು ಚಪ್ಪಾಳೆ ತಟ್ಟಿದರು. ಈ ಜಿಲ್ಲೆಯಲ್ಲಿ ಇಷ್ಟು ಚೆನ್ನಾಗಿ ಕೂರಿಸಿದ ಮೋಟಾರ್ ನೋಡಿಲ್ಲ ಎಂದರು. ಧನಿಗಳು ತಾವೇ ಕೂರಿಸಿದ ಹಾಗೆ ಉಬ್ಬಿದರು.

ಸ್ವಲ್ಪ ಹೊತ್ತಿಗೆ ಆಫೀಸಿನಿಂದ ಜವಾನ ಬಂದ. “ದೂಮಣ್ಣ, ಕರೀತಾರೆ. ಸಾಹೇಬರ ಎದುರು ನಿಮಗೆ ಶಾಲು ಹೊದಿಸ್ತಾರಂತೆ.”

“ಆಮೇಲೆ ಬರ್ತೇನೆ ಅಂತ ಹೇಳು.”

ಎರಡನೆಯ ಸಲ ಪೊರ್ಬುಗಳೇ ಬಂದರು. “ಎಂತ ಮಾರಾಯ, ಧನಿಗಳು ಶಾಲು ಹಿಡಿದುಕೊಂಡು ನಿಂತಿದ್ದಾರೆ, ನೀನು ಮದುಮಗನ ಹಾಗೆ ನಾಚಿಕೊಳ್ತೀಯಾ?”

ಹಗ್ಗ ಇತ್ತು. ಎಲ್ಲರಿಗೂ ಹೇಳಿಯಾಗಿತ್ತು. ಎರಡು ನಿಮಿಷ. ಇಪ್ಪತ್ತೆಂಟು ವರ್ಷಗಳಲ್ಲಿ ಅವನಿಗೆ ಯಾರೂ ಏನನ್ನೂ ಹೊದಿಸಿರಲಿಲ್ಲ. ದೂಮಪ್ಪ ಹೋದ.

ಶಾಲು ಹೊದಿಸಿದರು. ನಿಂಬೆಹಣ್ಣು ಕೊಟ್ಟರು. ಮೋಟಾರಿನ ಮೇಲೆ ಇನ್ನು ಕೊನೆಯವರೆಗೂ ದೂಮನೇ ಎಂದು ಧನಿಗಳು ಇನ್ಸ್‌ಪೆಕ್ಟರರ ಎದುರೇ ಹೇಳಿದರು. ಡ್ರಾಯರಿನ ಕಾಗದವನ್ನು ಪೊರ್ಬುಗಳು ಹರಿದು ಬುಟ್ಟಿಗೆ ಹಾಕಿದ್ದನ್ನು ದೂಮಪ್ಪ ಕಣ್ಣಾರೆ ಕಂಡ. ಕಾಗದ ಹರಿದ ಸದ್ದು ಮುಗಿಯುವ ಮೊದಲೇ ಶೆಡ್ಡಿನಿಂದ ಕೂಗು ಕೇಳಿತು.

ಕಿನ್ನಿ ತಡವಾಗಿ ಬಂದಿದ್ದಳು. ಸೊಂಟದವರೆಗೆ ಒದ್ದೆ. ತಡವಾದ ದಿನ ಮುಟ್ಟದೆ ಸುರು ಮಾಡಿದರೆ ಮತ್ತೇನಾದರೂ ಆದೀತು ಎಂದು ಅವಳಿಗೆ ಕಂಡಿರಬೇಕು. “ಇವತ್ತು ಮುಟ್ಟಬಾರದಂತೆ, ಇನ್ಸ್‌ಪೆಕ್ಟರ್ ಬಂದಿದ್ದಾರಂತೆ,” ಎಂದು ಯಾರೋ ಹೇಳಿದ್ದರು. “ಇನ್ಸ್‌ಪೆಕ್ಟರ್ ಕಾಫಿ ಕುಡೀತಿದ್ದಾರೆ, ಒಮ್ಮೆ ಮುಟ್ಟಿ ಈಗ ಬಂದೆ,” ಎಂದು ನಕ್ಕು ಹಗ್ಗದ ಅಡಿಯಿಂದ ನುಸುಳಿದಳಂತೆ. ಕೈ ಕಣ್ಣಿಗೆ ಬರಲಿಲ್ಲ. ಮೋಟಾರಿನಲ್ಲೇ ಉಳಿಯಿತು.

ದೂಮಪ್ಪ ಸ್ವಿಚ್ ಎಳೆದಾಗ ಅವಳು ಮಣ್ಣಿನ ರಾಶಿಯ ಬದಿಗೆ ಕುಸಿದಳು. ಎಲ್ಲರೂ ಕೂಗುತ್ತಿದ್ದರು, ಅವನು ಶಾಲನ್ನು ತೆಗೆದು ಅವಳಿಗೆ ಹೊದಿಸಿದ. ಎದೆಗೆ ಕಿವಿ ಇಟ್ಟ. ಎಷ್ಟು ಹೊತ್ತು ಹಾಗೇ ಇದ್ದನೋ. ತಲೆ ಎತ್ತಿದ್ದು ಹೊಳೆಯ ಕಡೆಯಿಂದ ಸ್ವರ ಕೇಳಿದಾಗ. ಬೂಬ ದೋಣಿಯಲ್ಲಿ ನಿಂತು ಕೂಗುತ್ತಿದ್ದ.

“ಮಾವಾ! ಸೇಸಪ್ಪಣ್ಣ ಬೇಗ ಬಂದರು! ಲಂಗರು ತಂದಿದ್ದೇನೆ, ಎಲ್ಲಿ ಹಾಕಲಿ?”

ವಿಚಾರಣೆ ಆ ದಿನವೇ ಮುಗಿಯಿತು. ಇನ್ಸ್‌ಪೆಕ್ಟರು ಬಿಳಿಚಿಕೊಂಡು, ತಗಡನ್ನು ಅಗೆದು ತೋರಿಸಿ ಎಂದರು. ದೈವವನ್ನು ಕೇಳದೆ ಅಲ್ಲಿ ಗುದ್ದಲಿ ಹಾಕುವುದಿಲ್ಲ ಎಂದು ಆಳುಗಳು ಒಂದೇ ಸ್ವರದಲ್ಲಿ ಹೇಳಿದರು. ರೈಲಿಗೆ ಹೊತ್ತಾಗಿತ್ತು. ಹೂತವನು ತಾನೇ ಹೇಳಿದ್ದಾನಲ್ಲ, ಆರಡಿ ಎಂದು. ಅವರು ಬರೆದರು: ಮೋಟಾರನ್ನು ಉತ್ತಮವಾಗಿ ಕೂರಿಸಲಾಗಿದೆ; ಸುತ್ತ ಹಗ್ಗ ಕಟ್ಟಲಾಗಿತ್ತು; ಮುಟ್ಟಬಾರದೆಂದು ಆ ಬೆಳಿಗ್ಗೆಯೇ ಎಚ್ಚರಿಸಲಾಗಿತ್ತು; ಹೆಂಗಸು ಒದ್ದೆ ಕೈಯಲ್ಲಿ ಹಗ್ಗ ದಾಟಿದಳು. ಪ್ರತಿಯೊಂದು ಮಾತೂ ನಿಜ. ದೂಮಪ್ಪ ಕಟ್ಟಿದ ಹಗ್ಗ ಕಿನ್ನಿಯನ್ನು ಬಿಟ್ಟು ಉಳಿದ ಎಲ್ಲರನ್ನೂ ಕಾಪಾಡಿತು.

ಮೂರನೆಯ ದಿನ ಅವನು ಧನಿಗಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ. ಲಂಗರು, ಬೆಂಡು, ಬೂಬ, ಇರುವೆ ಹರಿದದ್ದು, ಒಂದನ್ನೂ ಬಿಡಲಿಲ್ಲ. ಧನಿಗಳು ಪೂರ್ತಿ ಕೇಳಿದರು.

“ಇದನ್ನು ಬೇರೆ ಯಾರ ಹತ್ತಿರ ಹೇಳಿದ್ದೀ?”

“ಇಲ್ಲ ಧನಿಗಳೇ. ಪೋಲೀಸಿಗೆ ಹೇಳಬೇಕು ಅಂತ ಬಂದೆ.”

“ನಿನಗೆ ಬೇಜಾರಾಗಿದೆ ದೂಮ. ಮಲಗಿ ಎದ್ದರೆ ಸರಿಯಾಗ್ತದೆ. ಲಂಗರಿಗೂ ಮೋಟಾರಿಗೂ ಎಂತ ಸಂಬಂಧ? ಕೇಳಿದವರು ನಗುವುದಿಲ್ಲವಾ?” ಧನಿಗಳು ಎದ್ದು ನಿಂತರು. “ತಗಡು ಹೂತಿದೆ ಅಂತ ನನ್ನ ಸಹಿ ಉಂಟು, ಪೊರ್ಬುವಿನ ಸಹಿ ಉಂಟು, ನಿನ್ನ ಬಾಯಿಮಾತು ಉಂಟು. ಲಂಗರು ಎತ್ತಿದವನು ನಿನ್ನ ಅಳಿಯ. ಜೈಲಿಗೆ ಯಾರನ್ನು ಮೊದಲು ಕಳಿಸುವುದು, ನೀನೇ ಹೇಳು.”

ದೂಮಪ್ಪ ಪೋಲೀಸ್ ಠಾಣೆಯ ದಾರಿ ಬಿಟ್ಟು ಕಡವಿನ ದಾರಿ ಹಿಡಿದ.

ಪಾತ್ರಿಯನ್ನು ಕರೆಸಿ ದೈವವನ್ನು ಕೇಳಿದ್ದು ಆ ವಾರವೇ. ಮೊದಲು ಸಿಗದಿದ್ದ ದಿನ ಈಗ ಬೇಗ ಸಿಕ್ಕಿತು. ನನ್ನನ್ನು ಕೇಳದೆ ನನ್ನ ನೆಲಕ್ಕೆ ಬೆಂಕಿ ತಂದಿರಿ ಎಂದು ಗುಳಿಗ ನುಡಿಯಿತು. ಧನಿಗಳು ಅಡ್ಡಬಿದ್ದರು, ಹರಕೆ ಹೇಳಿಕೊಂಡರು. ಹರಕೆಗೆ ಏನು ಕೊಡುವುದು ಎಂಬ ಯೋಚನೆ ಬಂದಾಗ ಪೊರ್ಬುಗಳಿಗೆ ಕಪಾಟಿನ ನೆನಪಾಯಿತು. ತಾಮ್ರದ ತಗಡನ್ನು ಉಜ್ಜಿ ಹೊಳೆಯಿಸಿ ಗುಳಿಗನ ಕಟ್ಟೆಯ ಎದುರುಮೈಗೆ ಹೊದಿಸಿದರು. ಆರಡಿ ಕೆಳಗೆ ಇರಬೇಕಾದದ್ದು ಮೂರಡಿ ಮೇಲೆ ಬಿಸಿಲಿಗೆ ಹೊಳೆಯಿತು. ಇನ್ನು ಮೋಟಾರ್ ಮುಟ್ಟಬಾರದು, ಬೇಕಾದರೆ ಇದನ್ನು ಮುಟ್ಟಿ ಎಂದು ಹೆಂಗಸರಿಗೆ ಅಪ್ಪಣೆಯಾಯಿತು. ಈಗ ಬುಟ್ಟಿ ಎತ್ತುವ ಮೊದಲು ಇಪ್ಪತ್ತೊಂಬತ್ತು ಕೈಗಳು ಆ ತಗಡಿಗೆ ಹೋಗುತ್ತವೆ. ಅಲ್ಲಿಂದ ಮೋಟಾರಿಗೆ ಮೂವತ್ತು ಅಡಿ. ನಡುವೆ ಒಂದು ತಂತಿಯೂ ಇಲ್ಲ.

ಲಂಗರನ್ನು ದೂಮಪ್ಪ ಮತ್ತೆ ನೀರಿಗೆ ಇಳಿಸಿದ, ದಪ್ಪ ತಂತಿ ಕಟ್ಟಿ. ಈ ಸಲ ಮೇಲೆ ಬೆಂಡೂ ಕಟ್ಟಿದ, ಕೆಂಪು ಬಣ್ಣ ಹಚ್ಚಿ. ಆಫೀಸಿನ ಕಿಟಕಿಯಿಂದ ಅದು ಚೆನ್ನಾಗಿ ಕಾಣುತ್ತದೆ. ಯಾರೂ ಏನೂ ಕೇಳಲಿಲ್ಲ. ಬೂಬ ಮಾತ್ರ ಒಮ್ಮೆ ಕೇಳಿದ, “ಅದು ನಿಮ್ಮದೇ ಆಗಿತ್ತಾ ಮಾವ? ಎಂತಕ್ಕೆ ಅದು?” ದೂಮಪ್ಪ, “ಇರಲಿ ಅಂತ,” ಎಂದ. ಆ ಹುಡುಗ ನಿದ್ದೆ ಮಾಡಲಿ ಎಂಬಷ್ಟು ಕನಿಕರ ಅವನಲ್ಲಿ ಉಳಿದಿತ್ತು.

ಕೆಲಸ ಉಳಿಯಿತು. ದಿನಾ ಬೆಳಿಗ್ಗೆ ಮೊದಲ ದೋಣಿಗೆ ಹೊಳೆ ದಾಟುತ್ತಾನೆ. ಕಡವಿನಲ್ಲಿ ಬೆಂಗ್ರೆಯವರು ಒಬ್ಬೊಬ್ಬರೇ ದೋಣಿಯ ಮೂತಿ ಮುಟ್ಟಿ, ಕಣ್ಣಿಗೆ ಒತ್ತಿಕೊಂಡು ಹತ್ತುತ್ತಾರೆ. ದೂಮಪ್ಪ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಹಾರಿ ಹತ್ತಿ, ನಡುವಿನ ಹಲಗೆಯಲ್ಲಿ ಕೂರುತ್ತಾನೆ.

“ನೋಡಿದೆಯಾ,” ಎನ್ನುತ್ತಾರೆ ಹಿಂದೆ ಕುಳಿತವರು, ಅವನಿಗೆ ಕೇಳುವ ಹಾಗೆಯೇ. “ಶಾಲು ಬಿದ್ದ ಮೇಲೆ ದೂಮಣ್ಣನಿಗೆ ದೋಣಿ ಮುಟ್ಟಿದರೆ ಮೈಲಿಗೆ.”